ಆರನೇ ಕಾಫಿ

ತರೀಕೆರೆಯ ನಮ್ಮ ಬೀದಿಗೆ ಗ್ಯಾಸ್ ಬಂದ ಹೊಸತು, ಎಂಬತ್ತರ ದಶಕದ ಆರಂಭ. ಯಾರ ಮನೆಯ ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ ಎಂದು ಹೇಳಲು ನಮ್ಮ ಪಕ್ಕದ ಮನೆಯಾಕೆಯೇ ಬರಬೇಕು. ನಾವು ಎತ್ತಿ ಕುಲುಕಿದರೆ ಗದರುತ್ತಿದ್ದರು: “ಅಲ್ಲಾಡಿಸ್ಬೇಡ್ರೀ, ಮುಟ್ಟಿ ಹೇಳ್ತೀನಿ.” ಹಂಡೆಯಿಂದ ಒಂದು ಚೊಂಬು ಬಿಸಿನೀರು ತಂದು ಸಿಲಿಂಡರಿನ ಮೈಮೇಲೆ ಸುರಿದು, ಕೈಯ ಹಿಂಬದಿಯಿಂದ ಮೇಲಿನಿಂದ ಕೆಳಕ್ಕೆ ಸವರುವರು. ಎಲ್ಲಿ ತಣ್ಣಗೆನಿಸಿತೋ ಅಲ್ಲಿಂದ ಕೆಳಗೆ ಗ್ಯಾಸ್. ಕೆಜಿಯ ಮಾತೇ ಇಲ್ಲ. “ನಾಕು ದಿನದ ಅನ್ನ ಸಾರಿಗೆ ಸಾಕು, ಹೋಳಿಗೆ ಆಸೆ ಬಿಡಿ,” ಎನ್ನುವರು.

ಒಮ್ಮೆ ಕೆಮ್ಮಣ್ಣುಗುಂಡಿಗೆ ಹೊರಟಿದ್ದ ವಿದೇಶಿ ದಂಪತಿ ನೀರಿಗೆಂದು ನಮ್ಮ ಬೀದಿಯಲ್ಲಿ ವ್ಯಾನು ನಿಲ್ಲಿಸಿದರು. ವ್ಯಾನೇ ಅವರ ಮನೆ; ಒಳಗೆ ಹಾಸಿಗೆ, ಒಲೆ, ಪುಟ್ಟ ಸಿಲಿಂಡರ್. ಗಂಡ ಅದನ್ನು ಕಿವಿಗೆ ಹಿಡಿದು ಕುಲುಕುತ್ತಿದ್ದ. ನಮ್ಮ ಪಕ್ಕದ ಮನೆಯಾಕೆಗೆ ತಡೆಯಲಾಗಲಿಲ್ಲ. ಚೊಂಬು ಹಿಡಿದು ಓಡಿದರು, ಗದರಿದರು, ಸುರಿದರು, ಸವರಿದರು. ತಳ ಮಾತ್ರ ತಣ್ಣಗಿತ್ತು. “ಆರು ಕಾಫಿ,” ಎಂದು ಆರು ಬೆರಳು ತೋರಿಸಿದರು. ಆತ ನಕ್ಕು ಹೊರಟ.

“ಫಾರಿನ್ ಸಿಲಿಂಡರ್ ನಿಮ್ ಮಾತು ಕೇಳುತ್ತೇನ್ರೀ?” ಎಂದು ಬೀದಿಯವರು ಛೇಡಿಸಿದರು. ಆಕೆ ಎರಡು ದಿನ ಬೆಟ್ಟದ ರಸ್ತೆಯನ್ನೇ ನೋಡಿದರು.

ಮೂರನೇ ದಿನ ವ್ಯಾನು ಬಂದು ಅವರ ಬಾಗಿಲಲ್ಲೇ ನಿಂತಿತು. ಆತ ಐದು ಬೆರಳು ಎತ್ತಿ ಬೆಟ್ಟವನ್ನು ತೋರಿಸಿದ. ಆರನೆಯದನ್ನು ಎತ್ತಿ ಆಕೆಯನ್ನು ತೋರಿಸಿದ. ಒಲೆ ಹಚ್ಚಿ ಕಾಫಿಗೆ ನೀರಿಟ್ಟ. ಬೀದಿಯೆಲ್ಲ ಇಣುಕಿತು. ನೀರು ಕುದಿಯಿತು, ಅದರ ಹಿಂದೆಯೇ ಒಲೆ ನಂದಿತು.

ಆಕೆ ಒಂದು ಗುಟುಕು ಕುಡಿದು ಮುಖ ಕಿವುಚಿದರು. “ಕಾಫಿ ಚೆನ್ನಾಗಿಲ್ಲ ಕಣ್ರೀ,” ಎಂದು ನಮ್ಮತ್ತ ತಿರುಗಿ, ತಳದ ಹನಿಯವರೆಗೂ ಕುಡಿದರು. “ಆದ್ರೆ ಆರೇ.”