ಬೈಲಪ್ಪನ ಬೆಡಗು

ನನ್ನ ತಾತ ನರಸಪ್ಪನಿಗೆ ಏಳು ತಲೆಮಾರಿನ ಹೆಸರು ಬಾಯಲ್ಲೇ ಇತ್ತು. ಪುರವರದ ಸುತ್ತ ಕುರಿ ಕಾಯುವ ನಮ್ಮ ಜನರಲ್ಲಿ ಮದುವೆಗೆ ಮೊದಲು ಬೆಡಗು, ಅಂದರೆ ವಂಶದ ಬಳ್ಳಿ, ನೋಡುತ್ತಾರೆ. ಅಪ್ಪನ ಬೆಡಗೇ ಮಕ್ಕಳದು. ಒಂದೇ ಬೆಡಗಿನವರು ಅಣ್ಣತಂಗಿಯರ ಲೆಕ್ಕ, ಅವರಲ್ಲಿ ಹೆಣ್ಣು ತರುವಂತಿಲ್ಲ. ಇದನ್ನು ಕೇಳಲು ಶಿರಾ, ಕೊರಟಗೆರೆಯಿಂದಲೂ ಜನ ಬಂದು ನಮ್ಮ ಜಗಲಿಯಲ್ಲಿ ಕೂರುತ್ತಿದ್ದರು. ತಾತ ಕಣ್ಣು ಮುಚ್ಚಿ ಹೆಸರುಗಳನ್ನು ಒಂದೊಂದಾಗಿ ಹೇಳಿ, "ಆಗ್ತದೆ ಹೋಗ್ರಪ್ಪ" ಅಥವಾ "ಆಗಕ್ಕಿಲ್ಲ" ಎನ್ನುತ್ತಿದ್ದ. ಅಲ್ಲಿಗೆ ಮಾತು ಮುಗಿಯಿತು.

ಬೇಸಗೆಯಲ್ಲಿ ಗಂಡಸರೆಲ್ಲ ಮಂದೆ ಹೊಡೆದುಕೊಂಡು ದೂರದ ಹೊಲಗಳಿಗೆ ಹೋದರೆ ತಾತ ಮಾತ್ರ ಊರಲ್ಲೇ ಉಳಿಯುತ್ತಿದ್ದ. ಮಂಡಿನೋವು ಎನ್ನುತ್ತಿದ್ದ. ಆದರೆ ಸಂಜೆ ಊರಾಚೆಯ ಬಂಡೆ ಹತ್ತಿ, ಮಂದೆ ಹೋದ ದಾರಿಯನ್ನೇ ನೋಡುತ್ತ ನಿಲ್ಲುವಾಗ ಆ ಮಂಡಿ ನೋಯುತ್ತಿರಲಿಲ್ಲ.

ಹೋದ ವರ್ಷ ಹಾಸಿಗೆ ಹಿಡಿದಾಗ, "ಬರ್ಕೋ ಸಹನಾ, ನಾನು ಹೋದ್ಮೇಲೆ ಯಾರು ಹೇಳೋರು?" ಎಂದ. ಮಧುಗಿರಿಯ ಕಾಲೇಜಿನಿಂದ ಬಂದವಳು ದಿನವೂ ಅವನ ಪಕ್ಕ ಕೂತು ಒಂದು ಪುಸ್ತಕದಲ್ಲಿ ಬರೆದೆ. ಒಂದು ಸಂಜೆ ತಾತನ ತಂಗಿ ಸಣ್ಣಕ್ಕನ ಗಂಡನ ಹೆಸರು ಬಂತು.

"ಬೈಲಪ್ಪಂದು ಅರಿಶಿನದ ಬೆಡಗು. ಬರ್ಕೊಂಡಾ?"

"ಹೂಂ ತಾತ."

"ಅದು ಸುಳ್ಳು ಕಣಮ್ಮ."

ಪೆನ್ನು ಅಲ್ಲೇ ನಿಂತಿತು.

"ಅವಂದೂ ನಮ್ದೇ, ಜೀರಿಗೆ ಬೆಡಗು. ಅವ್ರಪ್ಪ ಪಾವಗಡದ ಕಡೆಯಿಂದ ಬಂದು, ಇವನು ಎಳೆಕೂಸಾಗಿದ್ದಾಗ್ಲೇ ಸತ್ತೋದ. ಇವನಿಗೇ ಗೊತ್ತಿರ್ಲಿಲ್ಲ. ಸಣ್ಣಕ್ಕ ಅವನ್ನೇ ಕಟ್ಕತೀನಿ ಅಂತ ಮೂರು ದಿನ ಊಟ ಬುಟ್ಟು ಕೂತ್ಲು. ಎಲ್ಲಾರೂ ನನ್ನ ಬಾಯೇ ನೋಡ್ತಿದ್ರು. ಅರಿಶಿನ ಅಂದ್ಬುಟ್ಟೆ."

"ಸಣ್ಣಕ್ಕಜ್ಜಿಗೆ ಗೊತ್ತಾ?"

"ಗೊತ್ತಾಗ್ಬಾರ್ದು. ಅಣ್ಣನ್ನೇ ಕಟ್ಕೊಂಡೋಳು ಅಂತ ದೇವರ ಮುಂದಕ್ಕೂ ಬುಡಲ್ಲ ಅವಳ್ನ."

ಆ ಮದುವೆ ಆದಮೇಲೆ ಐವತ್ತೆರಡು ವರ್ಷ ಅವನು ಊರಲ್ಲೇ ಉಳಿದ. ತಾನಿಲ್ಲದ ದಿನ ಯಾರಾದರೂ ಪಾವಗಡದ ಕಡೆಯ ಹಿರಿಯರನ್ನು ಕೇಳಿಬಿಟ್ಟರೆ ಎಂಬ ಭಯ. ಬೇಸಗೆಗಳೆಲ್ಲ ಹಾಗೇ ಹೋದವು.

"ಹಂಗಾದ್ರೆ ಯಾವುದನ್ನ ಬರೀಲಿ?" ಎಂದೆ. ತಾತ ಗೋಡೆಯ ಕಡೆ ತಿರುಗಿ ಮಲಗಿದ. ಬರೆದದ್ದು ಹಾಗೇ ಉಳಿಯಿತು. ಕಾರ್ತಿಕದಲ್ಲಿ ಅವನು ತೀರಿಕೊಂಡ.

ಹೋದ ತಿಂಗಳು ಸಣ್ಣಕ್ಕಜ್ಜಿ ತನ್ನ ಮಗನ ಮಗಳು ಶೃತಿಯನ್ನು ಕರೆದುಕೊಂಡು ಬಂದಳು. ಶೃತಿ ನನ್ನ ವಾರಿಗೆಯವಳು, ಔಷಧಿ ಅಂಗಡಿಯಲ್ಲಿ ಕೆಲಸ. ಹೊಳವನಹಳ್ಳಿಯಲ್ಲಿ ಹಾಲಿನ ಗಾಡಿ ಓಡಿಸುವ ಅಶ್ವತ್ಥನನ್ನು ಮೆಚ್ಚಿದ್ದಳು.

"ಏನಮ್ಮಿ, ನಮ್ಮಣ್ಣನ ಜಾಗಕ್ಕೆ ನೀನು ಕೂತ್ಕಂಡ್ಯಂತೆ! ಮೀಸೆ ಒಂದು ಕಮ್ಮಿ ನೋಡು," ಎಂದು ನಗುತ್ತಲೇ ಅಜ್ಜಿ ಜಗಲಿ ಹತ್ತಿದಳು. "ಹುಡುಗಂದು ಅರಿಶಿನದ ಬೆಡಗು. ನಮ್ದೂ ಅದೇ. ಆಗಲ್ಲ ಕಣೇ ಅಂದ್ರೆ, ಪುಸ್ತಕ ನೋಡ್ಬೇಕು ಅಂತಾಳೆ ಇವಳು."

"ಎಲ್ಲಾದ್ರೂ ತಪ್ಪಿರ್ಬೋದು ಸಹನಾ," ಎಂದಳು ಶೃತಿ. ರಾತ್ರಿಯೆಲ್ಲ ಅತ್ತು ಅವಳ ಕಣ್ಣು ಊದಿತ್ತು.

"ನಮ್ಮಣ್ಣಂದು ತಪ್ಪಾ? ಲೇ, ನನ್ನ ಮದ್ವೆ ಆಗಿದ್ದೇ ಅವನ ಮಾತಿನ ಮ್ಯಾಲೆ."

ತಪ್ಪಿತ್ತು. ಅದನ್ನು ಬಲ್ಲವಳು ನಾನೊಬ್ಬಳೇ. ಶೃತಿಯದು ಅರಿಶಿನವಲ್ಲ, ಜೀರಿಗೆ ಎಂದು ನಾನು ಬಾಯಿ ಬಿಟ್ಟರೆ ಅವಳಿಗೆ ಅಶ್ವತ್ಥ ಸಿಗುತ್ತಿದ್ದ. ಆದರೆ ಬೈಲಪ್ಪನೊಂದಿಗೆ ಒಂದು ಬದುಕನ್ನೇ ಬಾಳಿ, ಅವನ ಹೆಸರು ಬಂದಾಗ ಇಂದಿಗೂ ಸೆರಗು ಸರಿಮಾಡಿಕೊಳ್ಳುವ ಈ ಅಜ್ಜಿ ಮತ್ತೆಲ್ಲಿ ಮುಖ ಎತ್ತುತ್ತಿದ್ದಳು? ಒಳಗೆ ಹೋಗಿ ಪುಸ್ತಕ ತರುವಷ್ಟು ಹೊತ್ತು ಮಾತ್ರ ನನಗಿತ್ತು. ಟ್ರಂಕಿನ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ, ಹೊರಗಿನಿಂದ ಅಜ್ಜಿ ಕೂಗಿದಳು, "ಸಿಕ್ತೇನಮ್ಮಿ?"

ತಂದು ಓದಿದೆ. "ಬೈಲಪ್ಪ. ಅರಿಶಿನದ ಬೆಡಗು."

"ನೋಡಿದ್ಯಾ?" ಎಂದಳು ಅಜ್ಜಿ. ಗೆದ್ದ ದನಿಯಲ್ಲ. ಮೊಮ್ಮಗಳ ಬೆನ್ನು ಸವರಿ ನನ್ನತ್ತ ತಿರುಗಿದಳು. "ಇನ್ಮೇಲೆ ನೀನೇ ಕಣಮ್ಮ ನಮಗೆಲ್ಲ. ಓದು ಗೀದು ಅಂತ ದೂರ ಹೋಗ್ಬುಡಬ್ಯಾಡ."

ಶೃತಿ ಅಳಲಿಲ್ಲ. ಮೊಬೈಲು ತೆಗೆದು, "ಒಂದು ಫೋಟೊ ತಗೋತೀನಿ. ಬರೀ ಬಾಯಲ್ಲಿ ಹೇಳಿದ್ರೆ ಅವನು ನಂಬಲ್ಲ," ಎಂದಳು. ಗಾಳಿಗೆ ಹಾಳೆ ಏಳುತ್ತಿತ್ತು.

"ಸ್ವಲ್ಪ ಗಟ್ಟಿಯಾಗಿ ಹಿಡ್ಕೊಳೇ."

ನಾನು ಪುಟ ಅಲುಗದಂತೆ ಎರಡೂ ಕೈಯಿಂದ ಒತ್ತಿ ಹಿಡಿದೆ.