ಗಂಗಾದೇವಿಯ ಕೈಗುಣ

ಕೈಗುಣ ಎಂಬ ಮಾತು ಕಂಡರೆ ಶಿವಲಕ್ಷ್ಮಮ್ಮ ಟೀಚರಿಗೆ ಆಗುತ್ತಿರಲಿಲ್ಲ. ಕಲ್ಯಾಣದುರ್ಗದಲ್ಲಿ ಅವರನ್ನು ಸಾಕಿದ ಅಜ್ಜಿ, ಮಡಕೆ ಒಡೆದರೂ ಹಾಲು ಉಕ್ಕಿದರೂ "ನಿನ್ನ ಕೈಗುಣವೇ ಕೆಟ್ಟದ್ದು" ಎನ್ನುತ್ತಿದ್ದಳು. ಅಜ್ಜಿ ಹೋಗಿ ವರ್ಷಗಳಾದರೂ ಆ ಮಾತು ಮೊಮ್ಮಗಳ ಎದೆಯೊಳಗೇ ಠಿಕಾಣಿ ಹೂಡಿತ್ತು.

ಸಾವಿರದ ಒಂಬೈನೂರ ಎಂಬತ್ತೆಂಟರ ಬೇಸಿಗೆಯ ಶಿಕ್ಷಕರ ತರಬೇತಿಯೊಂದರಲ್ಲಿ ಅವರಿಗೆ ಇದರ ಗುಟ್ಟು ತಿಳಿಯಿತು. ಪ್ರತಿಯೊಬ್ಬರೊಳಗೂ ಮೂವರಿರುತ್ತಾರಂತೆ: ಗದರುವ ಹಿರಿಯರು, ಬೆದರುವ ಮಗು, ಕಂಡದ್ದನ್ನು ಯೋಚಿಸಿ ಹೇಳುವ ಬೆಳೆದ ಮನುಷ್ಯ. ಹರೆಯದ ಮಕ್ಕಳಲ್ಲಿ ಎಬ್ಬಿಸಬೇಕಾದದ್ದು ಈ ಮೂರನೆಯವರನ್ನು.

ಹಿಂದೂಪುರದ ಅವರ ಹತ್ತನೇ ಕ್ಲಾಸಿನಲ್ಲಿ ನೇಕಾರ ಕೇಶವಯ್ಯನ ಮಗಳು ಗಂಗಾದೇವಿ ಇದ್ದಳು. ಮಗ್ಗದ ಹಳೆ ಹಾಸಿನ, ಅಂದರೆ ಉದ್ದದ ನೂಲಿನ, ತುದಿಗೆ ಹೊಸ ಹಾಸಿನ ಎಳೆಗಳನ್ನು ಬೆರಳು ಜಾರದಂತೆ ಬೂದಿ ಮುಟ್ಟಿಸಿ ಹೊಸೆಯುವಾಗ, ಮೊದಲ ಎಳೆಗೆ ಒಳ್ಳೆಯ ಕೈಗುಣ ಇದ್ದವರೇ ಬೇಕೆಂದು ನೇಕಾರರ ನಂಬಿಕೆ. ಒಮ್ಮೆ ಅವಳು ಹೊಸೆದಳು. ಆ ಹಾಸು ಮುಗಿಯುವ ತನಕ ಎಳೆಗಳು ಕಿತ್ತುಹೋಗುತ್ತಲೇ ಇದ್ದವು. ಕೈ ಕೆಟ್ಟದ್ದೆಂದು ಅಪ್ಪ ಅವಳನ್ನು ಮತ್ತೆ ಮಗ್ಗದ ಹತ್ತಿರ ಸೇರಿಸಲಿಲ್ಲ. ಆಮೇಲೆ ಪ್ರಶ್ನೆಪತ್ರಿಕೆ ಕಂಡರೂ ಅವಳ ಕೈ ಮರಗಟ್ಟತೊಡಗಿತು. ಪಬ್ಲಿಕ್ ಪರೀಕ್ಷೆ ಬರೆಯದಿದ್ದರೆ ಮದುವೆಯೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

"ಕೈ ಕೆಟ್ಟದ್ದು ಅಂತ ನಿನ್ನೊಳಗೆ ಯಾರಮ್ಮ ಹೇಳೋದು?" ಎಂದು ಟೀಚರು ಕೇಳಿದರು.

"ನಮ್ಮಪ್ಪ."

"ನೀನು ಕಣ್ಣಾರೆ ಕಂಡಿದ್ದೇನು? ಎಳೆ ಯಾಕೆ ಕಿತ್ತೋಗ್ತಿತ್ತು?"

ಹುಡುಗಿ ಲಂಗದ ಅಂಚಿನ ಎಳೆಯೊಂದನ್ನು ಎಳೆದು ನೋಡಿದಳು. "ಬಣ್ಣ ಹಾಕೋವಾಗ್ಲೇ ನೂಲು ಬೆಂದೋಗಿತ್ತು ಟೀಚರ್."

ಅಷ್ಟು ಸಾಕೆಂದು ಟೀಚರು ಕೇಶವಯ್ಯನ ಮನೆಗೆ ಹೋದರು. ಹೋದವರು ಮಾಡಿದ್ದೇನು? ಕಲಿತದ್ದೆಲ್ಲ ಗಾಳಿಗೆ ತೂರಿ, ಥೇಟ್ ಅಜ್ಜಿಯ ಹಾಗೆ ಅವನನ್ನು ಜಾಡಿಸಿದರು. ಮೀಸೆ ನರೆತ ಗಂಡಸು ಏಟು ತಿಂದ ಮಗುವಿನಂತೆ ತಲೆ ತಗ್ಗಿಸಿ ಕೂತ. ಟೀಚರಿಗೆ ನಾಚಿಕೆಯಾಯಿತು.

"ತಪ್ಪಾಯ್ತು ಕಣಪ್ಪ. ನನ್ನ ಬಾಯಲ್ಲಿ ನಮ್ಮಜ್ಜಿ ಮಾತಾಡ್ಬುಟ್ಲು."

"ನನ್ ಬಾಯಾಗೂ ನಮ್ಮವ್ವನೇ ಮಾತಾಡೋದು ಟೀಚರಮ್ಮ," ಎಂದ ಕೇಶವಯ್ಯ, ತಲೆ ಎತ್ತದೆ.

ಪರೀಕ್ಷೆಗೆ ಮುಂಚೆ ಹೊಸ ಹಾಸು ಬಂತು. ಕೇಶವಯ್ಯ ಟೀಚರನ್ನೂ ಕರೆಸಿ, ಮೊದಲ ಎಳೆಗೆ ಮಗಳನ್ನೇ ಕೂರಿಸಿದ. ಅವಳು ಹೊಸೆದಳು. ಎಳೆ ಕಿತ್ತುಹೋಯಿತು.

ಅಪ್ಪನ ತುಟಿ ಅಲುಗಿತು. ಕೇಶವಯ್ಯ ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ಯಾಕ್ ಕಿತ್ತೋಯ್ತು ನೋಡಮ್ಮ," ಎಂದ.

ಗಂಗಾದೇವಿ ಎಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ತನ್ನ ಬೆರಳುಗಳನ್ನು ನೋಡಿಕೊಂಡಳು.

"ಬೆರಳು ಬೆವತೈತೆ, ಅಷ್ಟೇ ಕಣಪ್ಪ. ವಸಿ ಬೂದಿ ಕೊಡು."

ಕೇಶವಯ್ಯ ತಾನೇ ಎದ್ದು ಬೂದಿಯ ಬಟ್ಟಲನ್ನು ಅವಳ ಮುಂದೆ ಹಿಡಿದ.