ರೆಕ್ಕೆಯ ಕೆಳಗಿನ ಕ್ಯಾಮೆರಾ

ದಿನೇಶ, ಆ ದಿನ ನೀನು ಸ್ವಿಚ್ ಹಾಕಿದ್ದೆ. ಆರಿಸಿದವನು ನಾನು.

ಇಷ್ಟು ಬರೆಯಲು ನನಗೆ ಒಂಬತ್ತು ವರ್ಷ ಬೇಕಾಯಿತು. ಹೇಳಬೇಕಾದದ್ದು ಇದರಲ್ಲೇ ಮುಗಿಯಿತು ನಿಜ — ಆದರೆ ಇಲ್ಲಿಗೇ ನಿಲ್ಲಿಸಿದರೆ ನೀನು ಏನು ಮಾಡುತ್ತೀ ಎಂದು ನನಗೆ ಗೊತ್ತು. ಭಾವನ ಕೈ ತಪ್ಪಿ ತಾಗಿರಬೇಕು ಎಂದು ನನ್ನ ಪರವಾಗಿ ನೀನೇ ಒಂದು ನೆಪ ಹುಡುಕಿಬಿಡುತ್ತೀ. ಕೈ ತಪ್ಪಿರಲಿಲ್ಲ. ಆದ್ದರಿಂದ ಪೂರ್ತಿ ಬರೆಯುತ್ತೇನೆ, ಪೂರ್ತಿ ಓದು.

ನಿನ್ನನ್ನು ಮಹಾಪೆಯ ವರ್ಕ್‌ಶಾಪಿಗೆ ಸೇರಿಸಿದವನೇ ನಾನು. ನಿನ್ನ ಅಕ್ಕ ಸುಮತಿಯನ್ನು ಮದುವೆಯಾಗಿ ಆಗ ಆರು ವರ್ಷ. ಉಡುಪಿಯಿಂದ ಬಂದ ನೀನು ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದೆ. ವರ್ಕ್‌ಶಾಪಿನ ಮಾಲೀಕ ಪರಾಂಜಪೆ ಸಾಹೇಬರ ಹತ್ತಿರ ನಿನಗಾಗಿ ಮಾತಾಡಿದಾಗ ನನಗೆ ಎಷ್ಟು ಜಂಬ! ನಮ್ಮದು ಐದಾರು ಜನರ ಸಣ್ಣ ಜಾಗ, ಆದರೆ ಕೆಲಸ ಯಾರಿಗೆ ಹೇಳಿದರೂ ಬಾಯಿ ಬಿಡುವಂಥದ್ದು — ಎರಡು ಸೀಟಿನ, ನಾಲ್ಕು ಸೀಟಿನ ಪುಟ್ಟ ವಿಮಾನಗಳಿಗೆ ಅಂಗೈಯಷ್ಟಿರುವ ಆಕ್ಷನ್ ಕ್ಯಾಮೆರಾ ಕೂರಿಸುವುದು, ಹಾರಾಟ ಮುಗಿಯುವ ತನಕ ಅದಕ್ಕೆ ಕರೆಂಟ್ ಕೊಡುವುದು, ಕೊನೆಗೆ ವಿಡಿಯೊ ಮಾಡಿ ಕೊಡುವುದು. ಆ ವರ್ಕ್‌ಶಾಪಿನಲ್ಲಿ ಈ ವಿದ್ಯೆ ಬಲ್ಲವನು ನಾನೊಬ್ಬನೇ ಇದ್ದೆ. ನಾನು ಹಾಗೆಂದುಕೊಂಡಿದ್ದೆ.

ನಿನಗೆ ಎಲ್ಲವನ್ನೂ ಕಲಿಸಿದೆ. ಕ್ಲಾಂಪನ್ನು ರೆಕ್ಕೆಯ ಕೆಳಗಿನ ಆಸರೆ ಕಂಬಕ್ಕೆ ಹೇಗೆ ಬಿಗಿಯುವುದು, ಅದು ಸಡಿಲಾದರೂ ಕ್ಯಾಮೆರಾ ಕೆಳಗೆ ಬೀಳದ ಹಾಗೆ ಉಕ್ಕಿನ ತಂತಿಯ ಕಾವಲು ಹೇಗೆ ಕಟ್ಟುವುದು, ವಿಮಾನದ ಇಂಜಿನಿಯರ್ ನೋಡಿ ಸಹಿ ಹಾಕದೆ ಒಂದು ಚೂರು ಟೇಪೂ ಅಂಟಿಸಬಾರದು ಎಂಬುದು. ನೀನು ಕಲಿತೆ — ಬೇಗ ಕಲಿತೆ. ಬೇಗ ಎಂದರೆ ನನಗೆ ಹಿತವಾಗುವುದಕ್ಕಿಂತ ಬೇಗ.

ಮೊದಲ ಕಿಡಿ ಬಿದ್ದದ್ದು ರಬ್ಬರಿನಿಂದ. ಇಂಜಿನ್ ನಡುಗಿದರೆ ಚಿತ್ರವೂ ನಡುಗುತ್ತದೆ, ಹಾಗಾಗಿ ಕ್ಯಾಮೆರಾದ ಅಡಿಗೆ ಮೆತ್ತಗಿನ ರಬ್ಬರ್ ಇರಬೇಕು — ಇದು ನನ್ನ ಸಿದ್ಧಾಂತ. ಎಷ್ಟೋ ವರ್ಷ ಬಗೆಬಗೆಯ ರಬ್ಬರ್ ಕತ್ತರಿಸಿದ್ದೆ. ಆದರೂ ನಮ್ಮ ವಿಡಿಯೊದಲ್ಲಿ ಬೆಟ್ಟಗಳು ಕಾವಲಿಯ ಮೇಲಿನ ಹಿಟ್ಟಿನಂತೆ ಅಲುಗುತ್ತಿದ್ದವು. ಒಂದು ಮಧ್ಯಾಹ್ನ ನೀನು ಮೆಲ್ಲಗೆ, "ಭಾವ, ರಬ್ಬರ್ ತೆಗ್ದು ಗಟ್ಟಿ ಬಿಗಿದ್ರೆ ಎಂತ ಆಗ್ತದೆ ನೋಡುವನಾ?" ಎಂದೆ. ನಾನು ನಕ್ಕೆ. ಮುಂದಿನ ಹಾರಾಟದಲ್ಲಿ ನೀನು ಅಲ್ಯೂಮಿನಿಯಂ ಕ್ಲಾಂಪನ್ನು ಕಂಬಕ್ಕೆ ಕಚ್ಚಿದ ಹಾಗೆ ಬಿಗಿದೆ. ಬೆಟ್ಟಗಳು ಅಲುಗದೆ ನಿಂತವು. ಸಾಹೇಬರು ಎರಡು ಸಲ ಹಾಕಿಸಿ ನೋಡಿದರು. ನಾನು ಟೀ ಕುಡಿಯುವ ನೆಪದಲ್ಲಿ ಹೊರಗೆ ಹೋದೆ — ಟೀ ಕುಡಿಯಲಿಲ್ಲ.

ಆಮೇಲೆ ನೀನು ಆ ಪೆಟ್ಟಿಗೆ ಮಾಡಿದೆ. ಕ್ಯಾಮೆರಾದ ಒಳಗಿನ ಬ್ಯಾಟರಿ ಗಂಟೆ ತುಂಬುವುದರೊಳಗೆ ಮುಗಿಯುತ್ತಿತ್ತು, ಮೇಲಿನ ತಣ್ಣನೆ ಗಾಳಿಯಲ್ಲಿ ಇನ್ನೂ ಬೇಗ. ಹಾರುತ್ತಲೇ ಚಾರ್ಜ್ ಮಾಡಿದರೆ ಕ್ಯಾಮೆರಾ ಕಾದು ತಾನಾಗಿ ನಿಲ್ಲುತ್ತಿತ್ತು. ನೀನು ಒಳಗಿನ ಬ್ಯಾಟರಿಯನ್ನೇ ಕಿತ್ತು, ಸೀಟಿನ ಹಿಂದೆ ಒಂದು ಪೆಟ್ಟಿಗೆಯಿಟ್ಟು, ಬಾಗಿಲ ಸಂದಿಯಿಂದ ತೆಳ್ಳಗಿನ ಕೇಬಲ್ ಹೊರತಂದು ರೆಕ್ಕೆಯ ಕೆಳಗಿನ ಕ್ಯಾಮೆರಾಕ್ಕೂ, ಇನ್ನೊಂದು ಎಳೆಯನ್ನು ಒಳಗಿನ ಕ್ಯಾಮೆರಾಕ್ಕೂ ಕೊಟ್ಟೆ. ಎರಡಕ್ಕೂ ಸೇರಿ ಒಂದೇ ಸ್ವಿಚ್. ಎಷ್ಟು ಹೊತ್ತು ಹಾರಿದರೂ ಚಿಂತೆಯಿಲ್ಲ. ನನಗೆ ಯಾಕೆ ಇದು ಹೊಳೆಯಲಿಲ್ಲ? — ಈ ಪ್ರಶ್ನೆ ಲೋಕಲ್ ಟ್ರೈನಿನ ನೂಕಾಟದಲ್ಲೂ ನನ್ನನ್ನು ಬಿಡುತ್ತಿರಲಿಲ್ಲ.

ಮನೆಯಲ್ಲೂ ನೀನೇ. ಅಕ್ಕ ನೀರ್ದೋಸೆ ಎರೆಯುವಾಗ ಮೊದಲಿನದು ನಿನ್ನ ತಟ್ಟೆಗೆ. ಊರಿಂದ ಅತ್ತೆ ಫೋನ್ ಮಾಡಿದರೆ ನಿನ್ನದೇ ಸುದ್ದಿ. ನೀನು ತುಳುವಿನಲ್ಲಿ ಏನೋ ತಮಾಷೆ ಹೇಳಿದರೆ ಸುಮತಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು, ನನ್ನ ಮಾತಿಗೆ ಅವಳು ಹಾಗೆ ನಕ್ಕದ್ದು ಯಾವಾಗ ಎಂದು ನಾನು ಕೂತು ನೆನಪು ಮಾಡಿಕೊಳ್ಳುತ್ತಿದ್ದೆ. ತಂಗಾಳಿಗೂ ಮುನಿಯುವಂಥ ಸ್ಥಿತಿ ನನ್ನದು. ಇದಕ್ಕೆ ದೊಡ್ಡ ಹೆಸರೇನೂ ಬೇಡ, ದಿನೇಶ. ಹೊಟ್ಟೆಕಿಚ್ಚು. ನನ್ನದೇ ಮನೆಯಲ್ಲಿ ಉಂಡು ಮಲಗುವ, ನನ್ನನ್ನು ಕಂಡರೆ ಎದ್ದು ನಿಲ್ಲುವ ಹುಡುಗನ ಮೇಲೆ ಹೊಟ್ಟೆಕಿಚ್ಚು.

ಆ ಹಾರಾಟ ನಿನಗೂ ನೆನಪಿದೆ. ಘಟ್ಟದ ಆಚೆಯ ಸಣ್ಣ ರನ್‌ವೇ. ಎಪ್ಪತ್ತು ದಾಟಿದ ಕ್ಯಾಪ್ಟನ್. ಅವರ ವೈದ್ಯಕೀಯ ಅರ್ಹತೆ ಆ ವಾರಕ್ಕೆ ಮುಗಿಯುತ್ತಿತ್ತು, ಮುಂದೆ ಅವರು ಹಾರುವಂತಿರಲಿಲ್ಲ. ಜೀವನವಿಡೀ ಭಯದಿಂದ ಗಂಡನ ವಿಮಾನ ಹತ್ತದ ಅವರ ಹೆಂಡತಿ ಅಂದು ಒಂದೇ ಒಂದು ಸಲ ಪಕ್ಕದಲ್ಲಿ ಕೂರಲು ಒಪ್ಪಿದ್ದರು. ಅದನ್ನು ಹಿಡಿದುಕೊಡಬೇಕು. ಮತ್ತೊಮ್ಮೆ ಎಂಬುದಿಲ್ಲ.

ಸಾಹೇಬರು ನಮ್ಮನ್ನು ಕ್ಯಾಪ್ಟನ್ನರಿಗೆ ಪರಿಚಯಿಸಿದರು. ನಿನ್ನ ಹೆಗಲ ಮೇಲೆ ಕೈಯಿಟ್ಟು, "ಯೇ ದಿನೇಶ್, ಹಮಾರಾ ಎಕ್ಸ್‌ಪರ್ಟ್" ಎಂದರು. ಆಮೇಲೆ ನನ್ನ ಕಡೆ ನೋಡಿ, "ಔರ್ ಯೇ ಉಸ್ಕೇ ಸಾಥ್ ಹೈ." ಅವನ ಜೊತೆಗಿರುವವನು — ಅಷ್ಟೇ ನಾನು. ನೀನು ಅವಸರದಲ್ಲಿ, "ಇನ್ಹೋನೇ ಹೀ ಸಿಖಾಯಾ ಸರ್, ಮೇರೇ ಭಾವ ಹೈ" ಎಂದು, ನನಗೆ ಕಲಿಸಿದವರೇ ಇವರು ಎಂದು ತಿದ್ದಿದೆ. ನಿನ್ನ ಮನಸ್ಸಿನಲ್ಲಿ ಗೌರವವಲ್ಲದೆ ಬೇರೇನೂ ಇರಲಿಲ್ಲ. ಆದರೆ ನನಗೆ ಆ ಮಾತೇ ಹೆಚ್ಚು ಉರಿಯಿತು. ನನ್ನ ಹೆಸರನ್ನು ನೀನು ಎತ್ತಿ ಹೇಳಬೇಕಾಯಿತಲ್ಲ ಎಂದು.

ನಮ್ಮಲ್ಲೊಂದು ಪದ್ಧತಿಯಿತ್ತು, ನಾನೇ ಮಾಡಿದ್ದು. ಒಬ್ಬ ಸ್ವಿಚ್ ಹಾಕಿ "ಆನ್" ಎಂದು ಗಟ್ಟಿಯಾಗಿ ಹೇಳಬೇಕು. ಇನ್ನೊಬ್ಬ ಕ್ಯಾಮೆರಾದ ಕೆಂಪು ದೀಪವನ್ನು ಕಣ್ಣಾರೆ ನೋಡಿ "ನೋಡಿದೆ" ಎನ್ನಬೇಕು. ಆ ಉತ್ತರ ಬರದೆ ಯಾರೂ ವಿಮಾನದಿಂದ ದೂರ ಹೋಗಬಾರದು. ಅಂದು ನೀನು ಎರಡೂ ಕ್ಯಾಮೆರಾ ಚಾಲೂ ಮಾಡಿ "ಆನ್" ಎಂದೆ. ಎರಡೂ ದೀಪ ಮಿನುಗುತ್ತಿದ್ದವು. ನಾನು "ನೋಡಿದೆ" ಎಂದೆ. ನೀನು ನನ್ನ ಮಾತು ನಂಬಿ, ಆ ಅಮ್ಮನಿಗೆ ಮೆಟ್ಟಿಲು ಹತ್ತಲು ಕೈ ಕೊಡಲು ಆಚೆ ಬದಿಗೆ ಹೋದೆ.

ಪೆಟ್ಟಿಗೆಯ ಮುಚ್ಚಳ ಸರಿಪಡಿಸುವವನಂತೆ ನಾನು ಸೀಟಿನ ಹಿಂದಕ್ಕೆ ಕೈ ಚಾಚಿದೆ. ಆಗಲೂ — ಇಲ್ಲ, ಆಗ ನನಗೇನೂ ತೋಚಲಿಲ್ಲ ಎಂದು ಬರೆಯಲು ಹೊರಟಿದ್ದೆ, ಅದು ಸುಳ್ಳು. ತೋಚಿತ್ತು. ಒಂದು ಸಲ ಇವನೂ ತಪ್ಪಲಿ ಎಂದು ಸ್ಪಷ್ಟವಾಗಿ ತೋಚಿತ್ತು. ಸ್ವಿಚ್ಚನ್ನು ಕೆಳಕ್ಕೆ ಒತ್ತಿದೆ. ಬಾಗಿಲು ಹಾಕಿದರು. ವಿಮಾನ ಓಡಿತು, ಏರಿತು. ನೀನು ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡುತ್ತ, "ಎಂಥ ಒಳ್ಳೆ ಬೆಳಕು ಸಿಕ್ಕಿತು ಅಲ್ವಾ ಭಾವ?" ಎಂದೆ. ನಾನು ಹೌದೆಂದೆ.

ಅವರು ಇಳಿದಾಗ ಆ ಅಮ್ಮ ಸಣ್ಣ ಹುಡುಗಿಯ ಹಾಗೆ ನಗುತ್ತಿದ್ದರು, ಈಗಲೇ ತೋರಿಸಿ ಎಂದರು. ನೀನು ಪೆಟ್ಟಿಗೆ ತೆರೆದು ಸ್ವಿಚ್ ನೋಡಿ ಅಲ್ಲೇ ನಿಂತುಬಿಟ್ಟೆ. ಆಗ ನಾನು ಎರಡನೆಯ ತಪ್ಪು ಮಾಡಿದೆ — ಮೊದಲಿನದಕ್ಕಿಂತ ದೊಡ್ಡದು. ಕಾರ್ಡುಗಳನ್ನು ನಾನೇ ತೆಗೆದುಕೊಂಡು ವ್ಯಾನಿನಲ್ಲಿದ್ದ ಲ್ಯಾಪ್‌ಟಾಪಿಗೆ ಹಾಕಿದೆ. ಪ್ರತಿ ಕಾರ್ಡಿನಲ್ಲೂ ಅರ್ಧಕ್ಕೆ ಕಡಿದುಹೋದ ಒಂದು ಫೈಲ್ ಇತ್ತು. ಕರೆಂಟ್ ಹಠಾತ್ತನೆ ಹೋದರೆ ಹಾಗಾಗುತ್ತದೆ. ಅದು ಸುಮ್ಮನೆ ತೆರೆಯುವುದಿಲ್ಲ, ಆದರೆ ಕೂತು ರಿಪೇರಿ ಮಾಡಿದರೆ ಬದುಕಿಸಬಹುದು. ಬದುಕಿಸಿದ್ದರೆ ನೀನು ಸ್ವಿಚ್ ಹಾಕಿದ್ದೆ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಒಳಗಿನ ಕ್ಯಾಮೆರಾದ ಫೈಲಿನಲ್ಲಿ ನನ್ನ ಕೈಯೂ ಕಾಣುತ್ತಿತ್ತು. ಎರಡೂ ಕಾರ್ಡ್ ಅಳಿಸಿ, ಹೊರಗೆ ಬಂದು ಖಾಲಿ ಎಂದೆ.

ಕ್ಯಾಪ್ಟನ್ ದೊಡ್ಡ ಮನುಷ್ಯ. "ಜಾನೇ ದೋ ಬೇಟಾ", ಹೋಗಲಿ ಬಿಡು ಎಂದು ನಿನ್ನ ಬೆನ್ನು ತಟ್ಟಿದರು. ಅವರ ಹೆಂಡತಿ ಕಾರಿನಲ್ಲಿ ಹೋಗಿ ಕೂತರು. ಸಾಹೇಬರು ನಮ್ಮಿಬ್ಬರನ್ನೂ ನಿಲ್ಲಿಸಿ, ಕೊನೆಯ ಚೆಕ್ ಯಾರು ನೋಡಿದ್ದು ಎಂದು ಕೇಳಿದರು. ನೀನು ನನ್ನ ಮುಖ ನೋಡಿದೆ. ನಾನು ಹೇಳಿದೆ — "ಉಸ್ನೇ ಆನ್ ಬೋಲಾ ಸರ್. ಮೈನೇ ದೇಖಾ ನಹೀ."

ಅವನು ಆನ್ ಎಂದ, ನಾನು ನೋಡಲಿಲ್ಲ ಎಂದೆ. ಕಾಯಿದೆ ಮಾಡಿದವನೇ ಕಾಯಿದೆ ಮುರಿದೆ ಎಂದು ಒಪ್ಪಿಕೊಂಡವನಂತೆ ತಲೆ ತಗ್ಗಿಸಿದೆ. ಆ ವೇಷಕ್ಕೆ ಸಾಹೇಬರು ಮರುಳಾದರು. ಅವರ ಸಿಟ್ಟೆಲ್ಲ ನಿನ್ನ ಮೇಲೆ ತಿರುಗಿತು.

ಹಿಂದಿರುಗುವಾಗ ವ್ಯಾನಿನಲ್ಲಿ ನೀನು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು ಸ್ವಿಚ್ ಹಾಕಿ, ಆರಿಸಿ ನೋಡಿದೆ. ಆಮೇಲೆ, "ಭಾವ, ನಾನು ಹಾಕಿದ್ದೆ ಅಲ್ವಾ? ನೀವು ನೋಡಿದೆ ಅಂತ ಹೇಳಿದ ಹಾಗೆ ನೆನಪುಂಟು ನಂಗೆ" ಎಂದೆ. ಜಗಳಕ್ಕಲ್ಲ, ತಿಳಿದುಕೊಳ್ಳಲು ಕೇಳಿದೆ.

"ನಂಗೆ ನೆನಪಿಲ್ಲ ಮಾರಾಯ. ಅಭ್ಯಾಸಬಲದಲ್ಲಿ ಹೇಳಿರ್ಬೇಕು" ಎಂದೆ.

ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ವ್ಯಾನ್ ನಿಂತಿದ್ದಾಗ ನೀನು ನಿನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡೆ. "ಹಾಗಾದ್ರೆ ನಾನೇ ಮರ್ತಿದ್ದೇನೆ" ಎಂದೆ. ನಿನ್ನ ಸ್ವಂತ ನೆನಪಿಗಿಂತ ನನ್ನ ಮಾತು ನಿನಗೆ ದೊಡ್ಡದಾಯಿತು. ಅಲ್ಲಿ ಬಾಯಿ ಬಿಟ್ಟಿದ್ದರೆ — ಬಿಡಲಿಲ್ಲ. ನಿಜ ಹೇಳಬೇಕೆಂದರೆ, ಆ ಕ್ಷಣ ನನಗೆ ಹಗುರವೆನಿಸಿತು. ಅದನ್ನೂ ಬರೆದಿಡಬೇಕು.

ಸಾಹೇಬರು ನಿನ್ನನ್ನು ಕೆಲಸದಿಂದ ತೆಗೆಯಲಿಲ್ಲ. ನೀನೇ ಬಿಟ್ಟೆ. ನನ್ನ ಕೈಯ ಮೇಲೆ ನನಗೇ ನಂಬಿಕೆಯಿಲ್ಲ, ನಾಳೆ ಕ್ಲಾಂಪ್ ಬಿಗಿಯಲು ಮರೆತು ಯಾರ ತಲೆಯ ಮೇಲಾದರೂ ಬಿದ್ದರೆ ಎಂದೆ. ಶಹಾಡಿನಲ್ಲಿ ನಿಮ್ಮ ದೊಡ್ಡಪ್ಪನ ಹೋಟೆಲಿನ ಕೌಂಟರಿಗೆ ಹೋಗಿ ಕೂತೆ. ನಾನು ವರ್ಕ್‌ಶಾಪಿನ ಮುಖ್ಯಸ್ಥನಾದೆ. ನೀನು ಮಾಡಿದ ಪೆಟ್ಟಿಗೆಯನ್ನೇ ಇಂದಿಗೂ ಹಾಕುತ್ತೇವೆ, ಹೊಸಬರು ಅದನ್ನು ನನ್ನದೆಂದು ತಿಳಿದಿದ್ದಾರೆ. ನಾನು ಯಾರನ್ನೂ ತಿದ್ದಿಲ್ಲ. ಹೊಟ್ಟೆಕಿಚ್ಚಾದರೂ ಆರಿತೇ? ಅದೂ ಇಲ್ಲ. ಪ್ರತಿ ಸಲ ಒಳ್ಳೆಯ ವಿಡಿಯೊ ಬಂದಾಗ, ದಿನೇಶ ಇದ್ದಿದ್ದರೆ ಇನ್ನೂ ಚೆನ್ನಾಗಿ ಬರುತ್ತಿತ್ತು ಎಂದು ನನಗೇ ಅನ್ನಿಸಿ ಮತ್ತೆ ಉರಿಯುತ್ತದೆ. ಇಲ್ಲದವನ ಮೇಲೂ ಅಸೂಯೆಪಡಬಹುದೆಂದು ನನ್ನನ್ನು ನೋಡಿ ತಿಳಿಯಬೇಕು.

ಹೀಗೇ ಮುಚ್ಚಿಟ್ಟು ಸಾಯುತ್ತಿದ್ದೆನೇನೋ. ಕಳೆದ ತಿಂಗಳು ನಿಮ್ಮ ಮನೆಗೆ ಊಟಕ್ಕೆ ಬಂದಿದ್ದೆವಲ್ಲ. ಎಲ್ಲರೂ ಹೊರಡುವಾಗ ನೀನು ಗ್ಯಾಸ್ ಮುಚ್ಚಿ ಬಂದೆ, ಮತ್ತೆ ಒಳಗೆ ಹೋಗಿ ಮುಟ್ಟಿ ಬಂದೆ. ನಿನ್ನ ಮಗಳು ಮಾನಸಿ ಮೂರನೆಯ ಸಲ ತಾನೇ ಓಡಿಹೋಗಿ ನೋಡಿ ಬಂದಳು. ಎಷ್ಟು ಸಲ ನೋಡುವುದು ಪುಟ್ಟಾ ಎಂದು ನಾನು ಕನ್ನಡದಲ್ಲಿ ಕೇಳಿದೆ. ಅವಳು ಎಂದಿನಂತೆ ಹಿಂದಿಯಲ್ಲಿ ಉತ್ತರಿಸಿದಳು — "ಪಪ್ಪಾ ಭೂಲ್ ಜಾತೇ ಹೈ ನಾ ಮಾಮಾ, ಇಸ್ಲಿಯೇ." ಅಪ್ಪ ಮರೆಯುತ್ತಾರಲ್ಲ, ಅದಕ್ಕೆ. ನೀನು ನಗುತ್ತ ಅವಳ ತಲೆ ಸವರಿದೆ. ಏಳು ವರ್ಷದ ಮಗು. ಆ ಹಾರಾಟದ ನಂತರ ಹುಟ್ಟಿದವಳು. ಮರೆಯದ ಅಪ್ಪನನ್ನು ಅವಳು ಕಂಡೇ ಇಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ಮೊದಲು ನಿನ್ನ ಅಕ್ಕನಿಗೆ ಓದಲು ಕೊಟ್ಟೆ. ಅರ್ಧ ಓದಿ ಎದ್ದು ಕುಕ್ಕರ್ ಇಳಿಸಿ, ಬಂದು ಉಳಿದದ್ದನ್ನು ಓದಿದಳು. ಕಾಗದ ಮಡಚಿ ನನ್ನ ಮುಂದಿಟ್ಟು, "ಅವ ನಿಮ್ಮನ್ನು ಕ್ಷಮಿಸಿ ಬಿಡ್ತಾನೆ. ನಂಗೆ ಅದೇ ಸಹಿಸ್ಲಿಕ್ಕೆ ಆಗುದಿಲ್ಲ" ಎಂದಳು. ಆಮೇಲೆ ನನ್ನ ಜೊತೆ ಮಾತಾಡಿಲ್ಲ. ಇಂದಿಗೆ ನಾಲ್ಕು ದಿನ.

ಆದ್ದರಿಂದ ನಾನು ಕ್ಷಮೆ ಕೇಳುವುದಿಲ್ಲ, ದಿನೇಶ. ಕೇಳಿದರೆ ನೀನು ಕೊಡುತ್ತೀ, ಮತ್ತೊಮ್ಮೆ ನಾನೇ ಪಡೆದುಕೊಂಡವನಾಗುತ್ತೇನೆ. ಸಾಹೇಬರಿಗೆ ಬರೆದಾಗಿದೆ. ಕ್ಯಾಪ್ಟನ್ ಈಗಿಲ್ಲ, ಅವರ ಹೆಂಡತಿ ಠಾಣೆ ಶಹರದಲ್ಲಿದ್ದಾರೆಂದು ತಿಳಿಯಿತು, ಅಲ್ಲಿಗೂ ಹೋಗುತ್ತೇನೆ. ಅದಕ್ಕೂ ಮೊದಲು, ಈ ಭಾನುವಾರ ಶಹಾಡಿಗೆ ಬರುತ್ತೇನೆ. ನಿನ್ನ ಹತ್ತಿರ ಮಾತಾಡಲಿಕ್ಕಲ್ಲ, ಮಾನಸಿಯ ಹತ್ತಿರ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಇದು ಅವಳಿಗೆ ಅವಳದೇ ಮಾತಿನಲ್ಲಿ ತಲುಪಬೇಕು. ಲೋಕಲ್‌ನಲ್ಲಿ ನಿಂತು ಮನಸ್ಸಿನಲ್ಲೇ ಹೇಳಿ ಹೇಳಿ ಅಭ್ಯಾಸ ಮಾಡುತ್ತಿದ್ದೇನೆ. ಎರಡೇ ವಾಕ್ಯ — ಅಪ್ಪ ಏನೂ ಮರೆತಿರಲಿಲ್ಲ, ಸುಳ್ಳು ಹೇಳಿದ್ದು ನಾನು ಎಂದು.

ಪಪ್ಪಾ ಕುಛ್ ನಹೀ ಭೂಲೇ ಥೇ, ಬೇಟಾ. ಮಾಮಾ ನೇ ಝೂಠ್ ಬೋಲಾ ಥಾ.